ನೆಗೆಣ್ಣಿಯ ಗೆರೆ

ಮದುವೆ ಎಂದರೇನು ಎಂಬ ಜಗಳ ಎಷ್ಟು ವರ್ಷವಾದರೂ ಮುಗಿಯದೇ ಹೋದಾಗ ಸರ್ಕಾರ ಅದನ್ನು ಒಂದು ಕಡಗಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು.

ಗಂಡು ಹೆಣ್ಣು ಕೂಡಿದರೆ ಮಾತ್ರ ಮದುವೆ ಎನ್ನುವವರು, ಯಾರು ಯಾರನ್ನು ಬೇಕಾದರೂ ಆಗಬಹುದು ಎನ್ನುವವರು, ಅಕ್ಕಿಕಾಳು ಬೀಳದಿದ್ದರೆ ಅದು ಮದುವೆಯೇ ಅಲ್ಲ ಎನ್ನುವವರು, ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿಯನ್ನು ಬಿಡಲಾರೆವು ಎನ್ನುವವರು, ಎಲ್ಲರೂ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ಆಗ ಕೆಲವು ವಿಜ್ಞಾನಿಗಳು ಒಂದು ಸಂಗತಿ ಹಿಡಿದುಕೊಂಡು ಬಂದರು. ಒಬ್ಬರ ಮೇಲೊಬ್ಬರು ಜೀವ ಇಟ್ಟು ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದವರ ಎದೆಬಡಿತ ಒಂದಕ್ಕೊಂದು ಒಗ್ಗಿಕೊಳ್ಳುತ್ತದೆ. ಒಬ್ಬರದು ಏರಿದರೆ ಇನ್ನೊಬ್ಬರದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಮೈಬಿಸಿ, ನಿದ್ದೆ, ಎಚ್ಚರ ಎಲ್ಲಕ್ಕೂ ಒಂದೇ ಲಯ ಬೀಳುತ್ತದೆ. ಇಬ್ಬರ ಕೈಗೂ ಒಂದೊಂದು ಕಡಗ ಹಾಕಿ ಆರು ತಿಂಗಳು ಬಿಟ್ಟರೆ ಅದು ಗೆರೆ ಎಳೆದು ತೋರಿಸುತ್ತದೆ. ಎರಡು ಗೆರೆಗಳು ಸಾಕಷ್ಟು ಹೊತ್ತು ಜೊತೆಯಾಗಿ ನಡೆದರೆ ಅವರು ಜೋಡಿ. ಜಾತಿ ಕೇಳಬೇಕಿಲ್ಲ, ಗಂಡೋ ಹೆಣ್ಣೋ ನೋಡಬೇಕಿಲ್ಲ. ಕಡಗ ತಮ್ಮ ಪರವಾಗಿಯೇ ಹೇಳುತ್ತದೆ ಎಂದು ಪ್ರತಿ ಗುಂಪಿಗೂ ಒಳಗೊಳಗೇ ನಂಬಿಕೆ. ಹಾಗಾಗಿ ಎಲ್ಲರೂ ಒಪ್ಪಿದರು.

ಪೇಚಾಟ ಶುರುವಾದದ್ದು ಆಮೇಲೆ. ಲಾರಿ ಓಡಿಸುವವರ ಗೆರೆ, ರಾತ್ರಿ ಪಾಳಿಯ ನರ್ಸುಗಳ ಗೆರೆ ಮನೆಯವರ ಗೆರೆಗೆ ತಾಳೆಯಾಗಲಿಲ್ಲ. ಗದಗಿನ ಒಬ್ಬ ವಕೀಲರ ಗೆರೆಯಂತೂ ಹೆಂಡತಿಯದನ್ನು ಬಿಟ್ಟು ಗುಮಾಸ್ತನ ಗೆರೆಯ ಜೊತೆ ನಡೆದು, ಆ ಮನೆಯಲ್ಲಿ ವಾರವಿಡೀ ಒಲೆ ಹತ್ತಲಿಲ್ಲವಂತೆ. ಕೊನೆಗೆ ಸರ್ಕಾರ ಹಳೆಯ ಮದುವೆಗಳನ್ನು ಇದ್ದ ಹಾಗೇ ಬಿಟ್ಟಿತು. ಇಬ್ಬರಲ್ಲೊಬ್ಬರು ಬೇರೆ ಜೋಡಿ ಬರೆಸಿಕೊಳ್ಳಬೇಕೆಂದರೆ ಮಾತ್ರ ಹಳೆಯದನ್ನು ಬಿಡಬೇಕು. ಆದರೆ ಲಾಭಕ್ಕೆಂದು ಕೂಡುವುದು ಬಿಡುವುದು ನಡೆಯಬಾರದೆಂದು ಒಂದು ಬಿಗಿ ಹಾಕಿದರು: ಒಮ್ಮೆ ಬಿಟ್ಟ ಜೋಡಿ ಮತ್ತೆ ಎಂದೂ ಕೂಡುವಂತಿಲ್ಲ.

ಬೆಟಗೇರಿಯ ಸುವರ್ಣಾಳಿಗೆ ಇದೆಲ್ಲ ಬೇರೆಯವರ ಮನೆಯ ಸುದ್ದಿಯಾಗಿತ್ತು. ಆರೋಗ್ಯ ಕಾರ್ಡಿಗೆ ಬೇಕೆಂದು ಮನೆಯ ಎಲ್ಲರ ಹಾಗೆ ಅವಳೂ ಕಡಗ ಹಾಕಿಕೊಂಡಿದ್ದಳು, ಹಾಕಿಕೊಂಡದ್ದನ್ನು ಮರೆತೂ ಬಿಟ್ಟಿದ್ದಳು. ಅವಳಿಗೆ ರೊಟ್ಟಿ ಅಂಗಡಿಯ ಕೆಲಸವೇ ಮೂಗಿನ ತನಕ ಇತ್ತು. ಅಂಗಡಿ ಎಂದರೆ ಅವಳು ಮತ್ತು ಅವಳ ನೆಗೆಣ್ಣಿ ಲೀಲಾ. ಲೀಲಾಳ ಗಂಡ, ಅಂದರೆ ಸುವರ್ಣಾಳ ಮೈದುನ, ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದಾಗ ಲೀಲಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಒಲಿ ಮ್ಯಾಲೆ ಹಂಚೈತಿ, ಈಗ ಬರಾಕಾಗೂದಿಲ್ಲ" ಎಂದು ಹೇಳಿ ಕಳಿಸಿದ್ದಳು. ಆ ಹಂಚು ಅಂದಿನಿಂದ ಇಳಿದಿರಲಿಲ್ಲ. ಇಬ್ಬರೂ ಎದುರುಬದುರು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಕೈ ಮೇಲೆದ್ದಾಗ ಇನ್ನೊಬ್ಬಳ ಕೈ ಬೀಳುತ್ತಿತ್ತು. ಕಣ್ಣು ಮುಚ್ಚಿ ಕೇಳಿದವರಿಗೆ ಒಬ್ಬಳೇ ಬಡಿಯುತ್ತಿದ್ದಾಳೆ ಅನಿಸಬೇಕು, ಹಾಗೆ.

ಆ ಸದ್ದು ಒಂದು ದಿನ ತಪ್ಪಿತು. ಲೀಲಾಳ ಕಾಲು ಬಾತವು, ಮುಖ ಬಾತಿತು. ಎರಡೂ ಕಿಡ್ನಿ ಕೆಟ್ಟಿವೆ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರು. ರಕ್ತ ತೊಳೆಯುವ ಯಂತ್ರದ ಮೇಲೆ ಎಷ್ಟು ದಿನ ಇರಬಹುದು ಎಂದು ಕೇಳಿದರೆ ಅವರು ಬೇರೆ ಪೇಷಂಟಿನ ಕಡೆ ತಿರುಗಿದರು. ಸುವರ್ಣಾ ಅಲ್ಲೇ ತೋಳು ಮುಂದೆ ಮಾಡಿದಳು. ಪರೀಕ್ಷೆಯಾಯಿತು. ಅವಳ ಕಿಡ್ನಿ ಲೀಲಾಳಿಗೆ ಹೊಂದುತ್ತಿತ್ತು. ಅವಳ ಗಂಡನದು ಹೊಂದಲಿಲ್ಲ, ಲೀಲಾಳ ತವರಿನವರದೂ ಹೊಂದಲಿಲ್ಲ.

ಅನುಮತಿ ಕೊಡುವ ಕೋಣೆಯಲ್ಲಿ ಕೂತಿದ್ದ ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ, "ಪೇಷಂಟು ನಿಮಗ ಏನಾಗಬೇಕ್ರಿ?"

"ನೆಗೆಣ್ಣಿ."

ಅವನು ಹುಡುಕಿದ. "ತಂಗಿ ಅಂತ ಹಾಕ್ಲಿ?"

"ತಂಗಿ ಅಲ್ಲೋ ಯಪ್ಪಾ, ನೆಗೆಣ್ಣಿ. ನಮ್ಮ ಮೈದುನನ ಹೇಣ್ತಿ."

"ನಾದಿನಿ ಐತಿ, ಅತ್ತಿಗಿ ಐತಿ. ನೆಗೆಣ್ಣಿ ಇಲ್ರಿ ಇದರಾಗ. ಕಾಯ್ದೆ ಮೊದಲು ಇಂಗ್ಲಿಷಿನ್ಯಾಗ ಬರದಾರಲ್ಲ, ಅದರಾಗ ಈ ಶಬ್ದ ಇಲ್ಲ."

"ಯಾಕ, ಇಂಗ್ಲಿಷರ ಮನ್ಯಾಗ ಅಣ್ಣತಮ್ಮರಿಗೆ ಹೇಣ್ತ್ಯಾರು ಇರೂದಿಲ್ಲೇನು?"

ಅವನಿಗೆ ನಗು ಬಂತು. ಆದರೂ ಕೆಲಸ ಆಗಲಿಲ್ಲ. ಕಿಡ್ನಿ ಮಾರಾಟ ತಡೆಯಲೆಂದು ಹೊಸ ಕಾಯ್ದೆ ಬಿಗಿಯಾಗಿತ್ತು. ಕಾಯ್ದೆಯಲ್ಲಿ ಹೆಸರಿರುವ ಸಂಬಂಧ ಇರಬೇಕು, ಇಲ್ಲವೇ ಜೋಡಿಯಾಗಿರಬೇಕು. ಮೂರನೆಯ ದಾರಿ ಇಲ್ಲ. "ಜೋಡಿ ಆಫೀಸಿಗೆ ಹೋಗಿ ಒಮ್ಮೆ ಕೇಳ್ರಿ" ಎಂದು ಅವನು ಸುಮ್ಮನೆ ಸಾಗಹಾಕಲು ಹೇಳಿದ ಮಾತನ್ನು ಸುವರ್ಣಾ ಗಟ್ಟಿಯಾಗಿ ಹಿಡಿದುಕೊಂಡಳು.

ಜೋಡಿ ಆಫೀಸು ಹುಬ್ಬಳ್ಳಿ ರಸ್ತೆಯಲ್ಲಿತ್ತು. ಒಳಗೆ ಥಂಡಿ ಹೊಡೆಯುತ್ತಿತ್ತು. ಗೋಡೆಯಷ್ಟು ಅಗಲದ ಪರದೆಯ ಮೇಲೆ ಇಡೀ ಜಿಲ್ಲೆಯ ಎದೆಬಡಿತ ಇರುವೆ ಸಾಲಿನಂತೆ ಹರಿಯುತ್ತಿತ್ತು. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ನದಾಫ್ ಲಕ್ಷ್ಮೇಶ್ವರದ ಕಡೆಯವಳು. ನೆಗೆಣ್ಣಿ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಸಂಬಂಧ ಸೇರಸಾಕ ನನ್ನ ಕೈಯಾಗ ಇಲ್ರಿ ಅವ್ವಾರ" ಎಂದಳು. ಆದರೂ ಸುವರ್ಣಾಳ ಕಡಗದ ಸಂಖ್ಯೆ ಒತ್ತಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ ಮೂಡಿತು. ಅದರ ಪಕ್ಕದಲ್ಲಿ ತಾನಾಗಿಯೇ ಇನ್ನೊಂದು ಕೆಂಪು ಗೆರೆ ಬಂದು ಹಸಿರಿನ ಮೇಲೆ ಹತ್ತಿ ಕೂತು, ಏರಿಗೆ ಏರಿ, ಇಳಿಕೆಗೆ ಇಳಿದು, ತಿಂಗಳುಗಟ್ಟಲೆ ಜೊತೆಯಲ್ಲೇ ನಡೆಯಿತು. ಡಾಕ್ಟರು ಕುರ್ಚಿಯಿಂದ ಮುಂದೆ ಬಾಗಿದಳು.

"ಇದು ನಮ್ಮ ಮನಿಯವರದೇನ್ರಿ?"

"ಅಲ್ರಿ. ಲೀಲಾ ಅವರದು."

"ಮತ್ತ ನಮ್ಮ ಮನಿಯವರದು?"

ಡಾಕ್ಟರು ಒಂದು ನೀಲಿ ಗೆರೆ ತಂದಳು. ಅದು ತನ್ನ ಪಾಡಿಗೆ ತಾನು ಎಲ್ಲೋ ಏರಿ ಎಲ್ಲೋ ಇಳಿಯುತ್ತಿತ್ತು. ಹಾದಿಯಲ್ಲಿ ಹೋಗುವ ಯಾರದ್ದಾದರೂ ಆಗಬಹುದಿತ್ತು.

ಸುವರ್ಣಾ ಬಹಳ ಹೊತ್ತು ನೋಡಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಾಗದೆ ನಿಂತೇ ಬಂದಳು. ಕಾಯ್ದೆಯಲ್ಲಿ ನೆಗೆಣ್ಣಿ ಎಂಬ ಶಬ್ದ ಇಲ್ಲ. ಇಲ್ಲದ್ದರಿಂದ ಕಿಡ್ನಿ ಕೊಡುವಂತಿಲ್ಲ. ಅಕ್ಕತಂಗಿ, ಅತ್ತಿಗೆ ನಾದಿನಿ ಇವರು ಜೋಡಿಯಾಗಬಾರದು ಎಂದು ಕಾಯ್ದೆ ಹಾಕಿದ ಸಾಲಿನಲ್ಲೂ, ಅದೇ ಶಬ್ದ ಇಲ್ಲದ್ದರಿಂದ, ಅವರಿಬ್ಬರು ಇರಲಿಲ್ಲ. ಮುಚ್ಚಿದ ಬಾಗಿಲೂ ತೆರೆದ ಕಿಂಡಿಯೂ ಒಂದೇ ಕಡೆ ಇದ್ದವು. ಅದು ಅವಳಿಗೆ ತಕ್ಷಣ ತಿಳಿಯಿತು. ತಿಳಿಯದೆ ಕುಟುಕುತ್ತಿದ್ದದ್ದು ಆ ನೀಲಿ ಗೆರೆ.

ಗಂಡ ಕಪ್ಪತಗುಡ್ಡದ ಮೇಲಿನ ಫ್ಯಾನುಗಳ ಮೆಕ್ಯಾನಿಕ್. ಮುಗಿಲೆತ್ತರದ ಕಂಬದೊಳಗೆ ಹತ್ತಿ, ಗಾಳಿಗೆ ತಿರುಗುವ ಆ ರೆಕ್ಕೆಗಳ ಬುಡದಲ್ಲಿ ಕೂತು ಗ್ರೀಸು ಹಾಕುವ, ಬೋಲ್ಟು ಬಿಗಿಯುವ ಕೆಲಸ. ಪಾಳಿ ಮುಗಿಸಿ ಗುಡ್ಡ ಇಳಿದು ಬಂದರೆ ಮನೆಯಲ್ಲಿ ಎರಡು ದಿನ, ಮತ್ತೆ ಗುಡ್ಡ. ಆ ಸಲ ಬಂದಾಗ ಊಟಕ್ಕೆ ಬಡಿಸಿ, ಅವನು ಎರಡನೆಯ ರೊಟ್ಟಿ ಮುರಿಯುವವರೆಗೂ ತಡೆದು, ಸುವರ್ಣಾ ಎಲ್ಲ ಹೇಳಿದಳು.

ಅವನು ಪಲ್ಲೆ ಹಚ್ಚಿಕೊಂಡ ತುತ್ತನ್ನು ಗಂಗಾಳದಲ್ಲೇ ಬಿಟ್ಟ.

"ನಂದು ನಿಂದು ಗೆರಿ ಎಷ್ಟು ಕೂಡೈತಂತ?"

"ಅದನ್ನ ಕೇಳಲಿಲ್ಲ."

"ಸುಳ್ಳು ಹೇಳೂದು ನಿನಗ ಯಾವತ್ತೂ ಬಂದಿಲ್ಲ."

"ನೀವು ಗುಡ್ಡದ ಮ್ಯಾಲ ಇರ್ತೀರಿ. ನಾವು ಮಲಗೂ ಹೊತ್ತಿಗೆ ನಿಮಗ ಹಗಲು. ಕಡಗಕ್ಕ ಏನು ತಿಳೀತೈತಿ?"

"ಅಂದ್ರ ಒಟ್ಟ ಇಲ್ಲ."

"ಸ್ವಲ್ಪ..."

"ಒಟ್ಟ ಇಲ್ಲ" ಎಂದು ಅವನೇ ಮುಗಿಸಿ ಕೈ ತೊಳೆದ.

ಒಳಕೋಣೆಯಿಂದ ಲೀಲಾ ಗೋಡೆ ಹಿಡಿದು ಬಂದಳು. ಎಂದೂ ಭಾವನ ಎದುರು ದನಿ ಎತ್ತದವಳು, ಅಂದು ಅವನು ಇದ್ದಾನೆಂಬುದನ್ನೂ ನೋಡಲಿಲ್ಲ.

"ಏನಕ್ಕಾ ಇದು? ಭಾವಾರ ಮನ್ಯಾಗ ಉಂಡು, ಅವರ ಹೇಣ್ತಿನ್ನ ಕಸಗೊಂಡು, ನಾ ಅವರಿಗೆ ಸವತಿ ಆಗಲೇನು? ಊರು ಏನಂದೀತು?"

"ಊರು ಅನ್ನಾಕ ಶುರು ಮಾಡೇತಿ, ಅದಕ್ಕ ನಿನ್ನ ಅಪ್ಪಣೆ ಬೇಕಾಗಿಲ್ಲ."

"ನನಗ ಬ್ಯಾಡ ನಿನ್ನ ಕಿಡ್ನಿ."

"ನಿನಗ್ಯಾರು ಕೇಳ್ಯಾರ? ನೀ ಹೋದ್ರ ಎರಡು ಹಂಚಿನ ರೊಟ್ಟಿ ನಾ ಒಬ್ಬಾಕಿ ಬಡೀಬೇಕು. ನನ್ನ ಸ್ವಾರ್ಥ ನನಗ. ಹೋಗಿ ಮಲಕೋ."

ಲೀಲಾ ಅಳುತ್ತಾ ನಕ್ಕಳು. ಗಂಡ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ಸಲ ಮನೆಯಲ್ಲಿ ಎರಡನೆಯ ದಿನ ಉಳಿಯಲಿಲ್ಲ.

ರಾಣೆಬೆನ್ನೂರಿಗೆ ಕೊಟ್ಟ ಮಗಳು ಸಹನಾ ಫೋನು ಮಾಡಿದಳು. "ಅವ್ವಾ, ಖರೇನ ಇದು? ನಮ್ಮತ್ತಿ ಕೇಳಿದ್ರ ಏನಂತ ಹೇಳ್ಲಿ? ನಮ್ಮವ್ವ ನಮ್ಮ ಚಿಗವ್ವನ ಕೂಡ ಜೋಡಿ ಆಗ್ಯಾಳಂತ ಹೇಳ್ಲೇನು?"

"ಚಿಗವ್ವ ಬದಕ್ಯಾಳಂತ ಹೇಳು."

"ಅಪ್ಪಾಜಿ ಕಂಬದ ಮ್ಯಾಲಿಂದ ಕೆಳಗ ಬಿದ್ರ ನಿನಗ ಯಾರೂ ಫೋನ್ ಸುದ್ದಾ ಮಾಡೂದಿಲ್ಲ. ಆಸ್ಪತ್ರ್ಯಾಗ ಒಳಗ ಬಿಡೂದಿಲ್ಲ. ಗೊತ್ತೈತಿಲ್ಲೋ? ಮತ್ತ ಕೂಡಾಕೂ ಬರೂದಿಲ್ಲ, ಯಾವತ್ತೂ."

ಮಗಳು ಬೈಯುವುದನ್ನು ಬಿಟ್ಟು ಅಳತೊಡಗಿದಳು. ಸುವರ್ಣಾ ಫೋನು ಹಿಡಿದೇ ಅಂಗಳಕ್ಕೂ ಅಡುಗೆಮನೆಗೂ ಓಡಾಡಿದಳು.

ಅಷ್ಟರಲ್ಲಿ ಜೋಡಿ ಆಫೀಸಿನಿಂದ ಹೊಸ ತಕರಾರು ಬಂತು. ಬೆಂಗಳೂರಿನ ಮೇಲಧಿಕಾರಿಗಳಿಗೆ ಸಂಶಯ. ಹಾಡುವ ಮೇಳದವರ, ಜೊತೆಯಾಗಿ ದೋಣಿಗೆ ಹುಟ್ಟು ಹಾಕುವವರ ಎದೆಬಡಿತವೂ ಒಂದಾಗುತ್ತದೆ. ಅದು ಕೆಲಸದ ಲಯ, ಜೀವದ ಲಯವಲ್ಲ. ಇವರದು ಬರೀ ರೊಟ್ಟಿ ಬಡಿತವಿರಬಹುದು. ಆದ್ದರಿಂದ ಒಂದು ತಿಂಗಳು ಇಬ್ಬರೂ ರೊಟ್ಟಿ ಮುಟ್ಟಬಾರದು. ಆಮೇಲೆ ನೋಡೋಣ.

ಲೀಲಾ ಆಸ್ಪತ್ರೆ ಸೇರಿದಳು. ಅಂಗಡಿಯನ್ನು ಓಣಿಯ ಇಬ್ಬರು ಹೆಂಗಸರು ನಡೆಸಿದರು. ಅವರ ರೊಟ್ಟಿ ತೆಳುವಾಗಿಯೇ ಇದ್ದವು, ಆದರೆ ಆ ಸದ್ದು ಕೇಳಿದರೆ ಸುವರ್ಣಾಳಿಗೆ ಹಲ್ಲಿನಲ್ಲಿ ಮರಳು ಸಿಕ್ಕ ಹಾಗಾಗುತ್ತಿತ್ತು. ಕೂತಲ್ಲಿ ಅವಳ ಅಂಗೈ ತೊಡೆಯ ಮೇಲೆ ಬಡಿಯಲು ಶುರುಮಾಡುತ್ತಿತ್ತು, ಗಮನಕ್ಕೆ ಬಂದಾಗ ಮುಷ್ಟಿ ಕಟ್ಟುತ್ತಿದ್ದಳು. ನಲ್ಲಿಯಲ್ಲಿ ನೀರು ಹಿಡಿಯಲು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಒಬ್ಬಳು ಕೇಳಿಯೇ ಬಿಟ್ಟಳು, "ಏನವಾ ಸುವರ್ಣಾ, ನಿಮ್ಮಿಬ್ಬರಾಗ ತಾಳಿ ಕಟ್ಟಾವರು ಯಾರು?" "ಆಸ್ಪತ್ರ್ಯಾಗ ಡಾಕ್ಟರ್ ಹೊಲಿಗಿ ಹಾಕ್ತಾನ, ಅದ ತಾಳಿ" ಎಂದು ಕೊಡ ಎತ್ತಿಕೊಂಡು ಬಂದಳು. ಮಾತು ಗೆದ್ದಳು. ಮನೆಗೆ ಬಂದು ನೋಡಿದರೆ ಕೊಡ ಅರ್ಧವೇ ತುಂಬಿತ್ತು.

ಆ ಹೆಂಗಸರ ಮಾತಿಗಿಂತ ಅವಳನ್ನು ಸುಡುತ್ತಿದ್ದದ್ದು ಬೇರೆ. ಇಷ್ಟು ವರ್ಷ ಗಂಡನ ಜೊತೆ ತಾನು ನಡೆಸಿದ್ದು ಏನು? ಮಗಳನ್ನು ಹೆತ್ತದ್ದು, ಅವನ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು, ಗುಡ್ಡದ ಕಡೆ ಮಿಂಚಿದಾಗೆಲ್ಲ ಬಾಗಿಲಲ್ಲಿ ನಿಂತದ್ದು, ಇದೆಲ್ಲ ಗೆರೆಗೆ ತಾಕಲೇ ಇಲ್ಲವೇ? ಯಂತ್ರ ಸುಳ್ಳೆಂದರೆ ಲೀಲಾಳ ಗೆರೆಯೂ ಸುಳ್ಳಾಗುತ್ತದೆ. ನಿಜವೆಂದರೆ ಇದು ನಿಜ. ಎರಡರಲ್ಲಿ ತನಗೆ ಬೇಕಾದ ಒಂದನ್ನೇ ಆರಿಸಿಕೊಳ್ಳಲು ಬರುವುದಿಲ್ಲ.

ತಿಂಗಳು ಕಳೆದ ಮೇಲೆ ಡಾಕ್ಟರ್ ನದಾಫ್ ಕರೆಸಿದಳು. ಪರದೆಯ ಮೇಲೆ ಹಸಿರು ಗೆರೆ, ಕೆಂಪು ಗೆರೆ ದೂರ ದೂರ ಹೋಗುತ್ತಿದ್ದವು.

"ಮುಗೀತಲ್ರಿ ಮೇಡಂ? ಬರೇ ರೊಟ್ಟಿನ ಆತಲ್ಲ."

"ಹಗಲೆಲ್ಲ ಬ್ಯಾರೆ ಬ್ಯಾರೆ ಅದಾವ ನೋಡ್ರಿ. ಈಗ ಇಲ್ಲಿ ನೋಡ್ರಿ, ನೀವು ಆಸ್ಪತ್ರಿಗೆ ಹೋದ ಹೊತ್ತು." ಡಾಕ್ಟರು ಗೆರೆಗಳನ್ನು ಹಿಗ್ಗಿಸಿದಳು. ಎಲ್ಲೋ ಇದ್ದ ಎರಡು ಗೆರೆಗಳು ತಟ್ಟನೆ ಬಾಗಿ, ಒಂದನ್ನೊಂದು ಹುಡುಕಿಕೊಂಡು ಬಂದು ಸೇರಿದ್ದವು. "ನೀವು ಕಾಟಿನ ಹಂತ್ಯಾಕ ಹೋಗಿ ಕುಂದ್ರೂದ ತಡ. ಇಷ್ಟು ಲಗೂ ಕೂಡಿದ ಗೆರಿ ನಾ ತಾಯಿ ಕೂಸಿನ್ಯಾಗೂ ನೋಡಿಲ್ಲ. ಇದು ರೊಟ್ಟಿ ಅಲ್ರಿ. ನಾ ಹಂಗ ಬರೀತೀನಿ."

ಬರೆದಳು. ಒಪ್ಪಿಗೆ ಬಂತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಲೀಲಾಳ ಸಹಿ ಆಸ್ಪತ್ರೆಯ ಹಾಸಿಗೆಯಲ್ಲೇ ಆಯಿತು. ಉಳಿದದ್ದು ಹಳೆಯ ಜೋಡಿಯನ್ನು ಬಿಡಿಸುವುದು. ಅದಕ್ಕೆ ಗಂಡ ಬರಬೇಕು. ಅವನು ಒಪ್ಪದಿದ್ದರೆ ಕೋರ್ಟು, ಕೋರ್ಟೆಂದರೆ ವರ್ಷ. ಲೀಲಾಳ ಬಳಿ ವರ್ಷ ಇರಲಿಲ್ಲ.

ಸುವರ್ಣಾ ಬಸ್ಸು ಹಿಡಿದು ಗುಡ್ಡಕ್ಕೇ ಹೋದಳು. ಫ್ಯಾನುಗಳ ಕೆಳಗೆ ಗಾಳಿ ಸೀರೆಯ ಸೆರಗನ್ನು ನಿಲ್ಲಗೊಡುತ್ತಿರಲಿಲ್ಲ. ಗಂಡ ಕಂಬದ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಗಡ್ಡ ಬೆಳೆದಿತ್ತು. ಅವಳು ಏನಾದರೂ ಹೇಳುವ ಮೊದಲೇ ಅವನು ಹೇಳಿದ:

"ಅಕಿ ನನ್ನ ತಮ್ಮನ ಹೇಣ್ತಿ. ನನ್ನ ಕಿಡ್ನಿ ಕೂಡಿದ್ರ ನಾನ ಕೊಡ್ತಿದ್ದೆ. ಬರ್ತೀನಿ. ಆದ್ರ ಆ ಗೆರಿ ನನಗ ತೋರಸಬಾರದಂತ ಆ ಡಾಕ್ಟರಿಗೆ ಹೇಳು."

ಅವಳು ತಂದಿದ್ದ ಬುತ್ತಿಯನ್ನು ಅವನ ಪಕ್ಕ ಇಟ್ಟು, ಅದೇ ಬಸ್ಸಿಗೆ ತಿರುಗಿ ಬಂದಳು.

ಜೋಡಿ ಆಫೀಸಿನ ಥಂಡಿ ಕೋಣೆಯಲ್ಲಿ ಗಂಡ ಪರದೆಗೆ ಬೆನ್ನು ಮಾಡಿ ಕೂತ. ಇಬ್ಬರ ಕಡಗವೂ ಚಾಲೂ ಇರಬೇಕು, ಯಾರೂ ಹೆದರಿಸಿ ಕರೆತಂದಿಲ್ಲ ಎಂಬುದಕ್ಕೆ ಅದು ಸಾಕ್ಷಿ ಎಂದಳು ಡಾಕ್ಟರ್ ನದಾಫ್. ಪರದೆಯ ಮೇಲೆ ಹಸಿರು ಒಂದು ಕಡೆ, ನೀಲಿ ಇನ್ನೊಂದು ಕಡೆ, ಆಗಿನ ಬಡಿತವನ್ನೇ ಬರೆಯುತ್ತಾ ಹೊರಟವು.

"ನೀವು ಬಿಟ್ಟುಕೊಡ್ತೀರಾ?"

"ಹೂಂ" ಎಂದ ಗಂಡ.

"ಅವ್ವಾರ, ನೀವು ಯಾರನ್ನ ಬಿಡ್ತೀರಿ ಅಂತ ಹೆಸರು ಹಿಡದು ಹೇಳಬೇಕು. ಯಂತ್ರ ಕೇಳಸ್ಕೋತೈತಿ."

"ನಮ್ಮ ಮನಿಯವ್ರನ್ನ."

ಯಂತ್ರ ಒಪ್ಪಲಿಲ್ಲ. "ಹೆಸರು ಹೇಳಿ" ಎಂದಿತು, ಬೆಂಗಳೂರಿನ ನಯವಾದ ದನಿಯಲ್ಲಿ.

"ಸಹನಾನ ಅಪ್ಪನ್ನ."

"ಹೆಸರು ಹೇಳಿ."

ಮದುವೆಯಾದಂದಿನಿಂದ ಸುವರ್ಣಾಳ ಬಾಯಿಂದ ಆ ಹೆಸರು ಹೊರಟಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅತ್ತೆ ಹೇಳಿದ್ದನ್ನು ಅವಳೇನೂ ನಂಬಿದವಳಲ್ಲ. ಸುಮ್ಮನೆ ರೂಢಿಯಾಗಿತ್ತು, ಅಷ್ಟೇ. ಅಂಗಡಿಯ ಕಾಗದಕ್ಕೆ, ಮಗಳ ಶಾಲೆಗೆ, ಎಲ್ಲ ಕಡೆ ಪಕ್ಕದಲ್ಲಿದ್ದ ಲೀಲಾಳೋ ಮತ್ತೊಬ್ಬರೋ ಹೇಳುತ್ತಿದ್ದರು. ಈಗ ಪಕ್ಕದಲ್ಲಿ ಅವನೊಬ್ಬನೇ ಇದ್ದ.

"ಹೇಳು. ಏನಾಗೂದಿಲ್ಲ" ಎಂದ ಅವನು, ನೆಲ ನೋಡುತ್ತಾ.

"ಗುರುಶಾಂತಪ್ಪ" ಎಂದಳು ಸುವರ್ಣಾ.

ಸಣ್ಣ ದನಿ. ಗಂಡ ತಲೆ ಎತ್ತಿದ, ಯಾರೋ ದೂರದಿಂದ ಕೂಗಿದ ಹಾಗೆ. "ಓ" ಎಂದ. ಓಗೊಟ್ಟದ್ದು ಅವನಿಗೇ ತಿಳಿಯಲಿಲ್ಲ.

ಡಾಕ್ಟರ್ ನದಾಫಳ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಅವಳ ಮುಖ ಕಂಡು ಸುವರ್ಣಾ ಪರದೆಯ ಕಡೆ ತಿರುಗಿದಳು. ಹಸಿರು ಗೆರೆ ಗುಡ್ಡದಂತೆ ಎದ್ದಿತ್ತು. ನೀಲಿ ಗೆರೆ ಅದರ ಮೈಗೆ ಮೈ ಹಚ್ಚಿ ಎದ್ದಿತ್ತು. ಎರಡೂ ಒಟ್ಟಿಗೆ ನಡುಗುತ್ತಾ ಮುಂದೆ ಹೋಗುತ್ತಿದ್ದವು.

ಗಂಡ ಇಬ್ಬರ ನೋಟ ಹಿಡಿದು ತಿರುಗಿದ. ಆಮೇಲೆ ಎದ್ದು ಪರದೆಯ ಹತ್ತಿರ ಹೋದ. ಮೂಗು ತಾಗುವಷ್ಟು ಹತ್ತಿರ.

"ಇದರಾಗ ನಂದು ಯಾವದ್ರಿ?"

"ಈಗ ಹೇಳಾಕ ಬರೂದಿಲ್ರಿ" ಎಂದಳು ಡಾಕ್ಟರು. ಅವಳ ದನಿ ಆಫೀಸಿನದಾಗಿರಲಿಲ್ಲ. "ಇಬ್ಬರಿಗೂ ಒಮ್ಮೆಲೆ ಜೀವ ಝಲ್ ಅಂದ್ರೂ ಹಿಂಗ ಆಗೂದುಂಟು. ಕಾಯ್ದೆಗೆ ಆರು ತಿಂಗಳ ಗೆರಿ ಬೇಕು. ಇಷ್ಟು ಲೆಕ್ಕಕ್ಕ ಬರೂದಿಲ್ಲ... ಅವ್ವಾರ, ನಿಮಗ ಬೇಕಂದ್ರ ಇವತ್ತ ನಿಲ್ಲಸ್ತೀನಿ. ವಿಚಾರ ಮಾಡಿ ಇನ್ನೊಂದು ದಿನ ಬರ್ರಿ."

ಗಂಡ ತಿರುಗಲಿಲ್ಲ. ಆದರೆ ಅವನ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ಸುವರ್ಣಾ ಅವನ ಪಕ್ಕಕ್ಕೆ ಹೋಗಿ ನಿಂತಳು. ಕಣ್ಣು ತುಂಬ ನೋಡಿದಳು, ಗೆರೆಗಳನ್ನೂ, ಅವುಗಳ ಬೆಳಕು ಬಿದ್ದ ಅವನ ಗಡ್ಡವನ್ನೂ. ಹಾಗೆ ನೋಡುತ್ತಲೇ ಹೇಳಿದಳು:

"ಒತ್ರಿ ಮೇಡಂ. ಅಲ್ಲಿ ಲೀಲಾ ದಾರಿ ಕಾಯ್ತಿರ್ತಾಳ."